ವರಂಧ ಘಾಟಿನಲ್ಲಿ ಹಿಂದಿ

ಎರಡನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೇ ಸೈಕಲ್ಲಿನಿಂದ ಇಳಿದು ಅದನ್ನು ನೂಕಿಕೊಂಡು ನಡೆಯಬೇಕಾಗಿ ಬಂದಾಗ ಅಂಬಾದಾಸ ಮೊದಲು ಮಾಡಿದ ಕೆಲಸವೆಂದರೆ ಹಿಂದೆ ತಿರುಗಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಪರೀಕ್ಷಿಸಿದ್ದು. ಯಾರೂ ಇರಲಿಲ್ಲ. ಕೆಳಗೆ ನೀರಾ ದೇವಘರ ಅಣೆಕಟ್ಟಿನ ಹಿನ್ನೀರು ಬೆಟ್ಟಗಳ ಸಂದಿಯಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು. ಮೇಲೆ ಜನವರಿಯ ಬಿಸಿಲಿಗೆ ಹಳದಿಯಾದ ಹುಲ್ಲು, ಹುಲ್ಲಿನ ಮೇಲೆ ಕರಿಕಲ್ಲಿನ ಗೋಡೆ, ಗೋಡೆಗೆ ಅಂಟಿಕೊಂಡು ಮೇಲೇರುವ, ಅರ್ಧ ಕಿತ್ತುಹೋದ ರಸ್ತೆ. ನೋಡುವವರಿಲ್ಲದಿದ್ದರೂ ಅವನಿಗೆ ನಾಚಿಕೆಯಾಯಿತು. ನಿನ್ನೆ ಬೆಳಗಿನ ಜಾವ ಕಾತ್ರಜದ ಸುರಂಗದ ಬಾಯಲ್ಲಿ ನಿಂತು ತೆಗೆಸಿಕೊಂಡ ಫೋಟೊದ ಕೆಳಗೆ, ‘ಪುಣೆಯಿಂದ ಗೋವೆಗೆ, ಎಂಟು ದಿನ, ಘಾಟುಗಳ ಹಾದಿ, ಒಬ್ಬನೇ, ಯಾರ ಸಹಾಯವೂ ಇಲ್ಲದೆ’ ಎಂದು ಬರೆದು ಮೂರು ಗುಂಪುಗಳಿಗೆ ಕಳಿಸಿದ್ದ: ವಿಮಾ ಕಚೇರಿಯ ಗುಂಪು, ರವಿವಾರ ಸೈಕಲ್ ಹೊಡೆಯುವವರ ಗುಂಪು, ತಾನು ಜಂಟಿ ಕಾರ್ಯದರ್ಶಿಯಾಗಿರುವ ಕನ್ನಡ ಸಂಘದ ಗುಂಪು. ‘ಯಾರ ಸಹಾಯವೂ ಇಲ್ಲದೆ’ ಎಂಬುದು ಈ ವಿದ್ಯೆಯಲ್ಲಿ ದೊಡ್ಡ ಮಾತು ಎಂದು ರವಿವಾರದ ಗುಂಪಿನ ಮುಖ್ಯಸ್ಥ ಅಭಿಲಾಷ ತಿಳಿಹೇಳಿದ್ದ. ಗುಡಾರ, ಒಲೆ, ನಟ್ಟು ತಿರುಗಿಸುವ ಪಾನಾ, ಔಷಧ, ಎಲ್ಲ ನಮ್ಮ ಸೈಕಲ್ ಮೇಲೇ ಇರಬೇಕು. ದಾರಿಯಲ್ಲಿ ಯಾರ ಗಾಡಿಯನ್ನೂ ಹತ್ತಬಾರದು. ಐವತ್ತೊಂದನೆಯ ವಯಸ್ಸಿಗೆ ಅಂಬಾದಾಸನಿಗೆ ಈ ಮಾತು ತನಗಾಗಿಯೇ ಯಾರೋ ಹುಟ್ಟಿಸಿದಂತೆ ಕೇಳಿಸಿತ್ತು. ಎರಡು ವರ್ಷದ ಹಿಂದೆ ಎದೆಯ ನಾಳದಲ್ಲಿ ಸ್ಟೆಂಟ್ ಕೂರಿಸಿದ ಡಾಕ್ಟರು, ದಿನಾ ಅರ್ಧ ತಾಸು ನಡೆದರೆ ಸಾಕು ಎಂದಿದ್ದರು. ಅರ್ಧ ತಾಸು ನಡೆಯುವವನ ಫೋಟೊ ಯಾರಿಗೆ ಬೇಕು? ಅವನು ನಾಲ್ಕು ಚೀಲ ತೂಗುಹಾಕುವಂಥ ವಿದೇಶಿ ಸೈಕಲ್ಲನ್ನೇ ತಂದಿದ್ದ. ಹೆಂಡತಿ ತ್ರಿವೇಣಿ ಮುಂದಿನ ಚೀಲದೊಳಗೆ ಗುಳಿಗೆಯ ಡಬ್ಬಿ ಇಟ್ಟು, ‘ನಾಲಿಗಿ ಕೆಳಗ ಇಡೂದು ಕೆಂಪು ಚೀಟಿ ಅಂಟಿಸಿದ್ದು, ನೆನಪಿರ್ಲಿ’ ಎಂದಷ್ಟೇ ಹೇಳಿದ್ದಳು.

ತಿರುವು ದಾಟುವ ಮೊದಲೇ ದನಿಗಳು ಕೇಳಿದವು. ಕನ್ನಡ. ಅದೂ ಕಲಬುರ್ಗಿ ಕಡೆಯ ಕನ್ನಡ, ಮಾತಿಗೊಂದು ಏರು, ಏರಿಗೊಂದು ನಗೆ. ಇಂಥ ಕಾಡು ಘಾಟಿನ ನಡುವೆ ತಾಯ್ನುಡಿ ಕಿವಿಗೆ ಬಿದ್ದರೆ ಎದೆ ತುಂಬಿ ಬರುತ್ತದೆ ಎಂದು ಹೋದ ರಾಜ್ಯೋತ್ಸವದ ಭಾಷಣದಲ್ಲಿ ಅವನೇ ಹೇಳಿದ್ದ. ಘಾಟು ಅಂದಿರಲಿಲ್ಲ, ಮರುಭೂಮಿ ಅಂದಿದ್ದ. ಈಗ ಎದೆ ತುಂಬಿ ಬರಲಿಲ್ಲ. ನೂಕುವುದು ಬಿಟ್ಟು ಸೈಕಲ್ ಹತ್ತಬೇಕೆನಿಸಿತು, ಕಾಲು ಒಪ್ಪಲಿಲ್ಲ. ತಿರುವಿನಾಚೆ, ಮಳೆಗಾಲದಲ್ಲಿ ಕುಸಿದ ರಸ್ತೆಯಂಚಿಗೆ ಕಲ್ಲಿನ ತಡೆಗೋಡೆ ಕಟ್ಟುವ ಹತ್ತು ಹನ್ನೆರಡು ಜನ ರೊಟ್ಟಿ ಗಂಟು ಬಿಚ್ಚಿ ಕೂತಿದ್ದರು. ತಲೆಗೆ ಟವೆಲ್ಲು ಸುತ್ತಿದ ದಪ್ಪನೆಯ ಹೆಂಗಸೊಬ್ಬಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈಯೊಳಗಿನ ತುತ್ತು ಹಾಗೇ ಹಿಡಿದುಕೊಂಡು, ‘ನೋಡ್ರೇ, ಈ ಗಂಡ್ಸು ಕುಂಡಿಗಿ ದಿಂಬು ಕಟ್ಕೊಂಡ್ ಬಂದಾನ!’ ಎಂದಳು. ಎಲ್ಲರೂ ನಕ್ಕರು. ಸೈಕಲ್ ಸವಾರರು ಹಾಕುವ, ಆಸನದ ಕಡೆ ಮೆತ್ತೆ ಹೊಲಿದ ಬಿಗಿ ಚಡ್ಡಿ ಅದು. ಅಂಬಾದಾಸನ ಕೈ ತಾನಾಗಿಯೇ ಹಿಂದೆ ಹೋಗಿ ಅಂಗಿಯನ್ನು ಕೆಳಗೆ ಜಗ್ಗಿತು. ‘ಯಾಕ್ ನಗ್ತೀ ಕಲ್ಲವ್ವಾ, ಪಾಪ, ಯಾರ್ದೋ ಮನೀ ಗಂಡ್ಸು’ ಎಂದಳು ಇನ್ನೊಬ್ಬಳು, ಸಣ್ಣ ಮುಖದವಳು. ‘ಮನೀ ಇದ್ದಂವ ಹಿಂಗ್ಯಾಕ್ ಬರ್ತಾನ ಶಿವಕಾಂತಾ? ಮನ್ಯಾಗ ಹೇಳೋರು ಕೇಳೋರು ಇಲ್ಲಂತ ಕಾಣ್ತದ.’ ಮತ್ತೆ ನಗೆ. ಆ ನಗೆಯ ನಡುವೆ ಅವನ ಬಾಯಿಂದ ಬಂದದ್ದು ಹಿಂದಿ: ‘ಪಾನೀ ಮಿಲೇಗಾ ಕ್ಯಾ?’

ಅದನ್ನು ಅವನು ಆರಿಸಿಕೊಂಡಿರಲಿಲ್ಲ, ಹಾಗೆಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಆರಿಸಿಕೊಂಡು ಆರಿಸಿಕೊಂಡು ಒಂದು ದಿನ ಆರಿಸಿಕೊಳ್ಳುವ ಅಗತ್ಯವೇ ಬೀಳದಷ್ಟು ರೂಢಿಯಾಗಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ಪುಣೆಯ ಧನಕವಡಿಯಲ್ಲಿ ಅವನ ಕಟ್ಟಡದ ಪಕ್ಕ ಹೊಸ ಕಟ್ಟಡ ಏಳುವಾಗ, ತಗಡಿನ ಶೆಡ್ಡಿನ ಮುಂದೆ ಇದೇ ದನಿಯ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಬ್ಬಳು ಒಂದು ರವಿವಾರ, ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡು, ಹರಕು ಮರಾಠಿಯಲ್ಲಿ ದವಾಖಾನೆ ಎಲ್ಲಿ ಎಂದು ಕೇಳಿದಾಗ ಅವನು ಶುದ್ಧ ಮರಾಠಿಯಲ್ಲಿ ಎಡಕ್ಕೆ, ಆಮೇಲೆ ಬಲಕ್ಕೆ ಎಂದು ಸೌಜನ್ಯದಿಂದ ವಿವರಿಸಿದ್ದ. ಒಂದು ಮಾತು ಕನ್ನಡ ಆಡಿದರೆ ಸಾಕು, ‘ಯಾವ ಊರ್ರಿ ನಿಮ್ದು?’ ಬರುತ್ತದೆ. ಊರಿನ ಹಿಂದೆ ಮನೆತನ, ಮನೆತನದ ಹಿಂದೆ ಯಾರದೋ ಪರಿಚಯ, ಪರಿಚಯದ ಹಿಂದೆ ಒಂದು ಸಣ್ಣ ಉಪಕಾರ, ಅದರ ಹಿಂದೆ ಇನ್ನೊಂದು. ಭಾಷೆಯ ಮೇಲಿನ ಪ್ರೀತಿಗೆ ಸಭಾಗೃಹ ಒಳ್ಳೆಯ ಜಾಗ; ಅಲ್ಲಿ ಅದು ಸಂಜೆ ಎಂಟಕ್ಕೆ ಮುಗಿದು, ಉಪ್ಪಿಟ್ಟು ತಿಂದು ಮನೆಗೆ ಹೋಗುತ್ತದೆ. ಶಿವಕಾಂತಾ ಎಂಬ ಆ ಸಣ್ಣ ಮುಖದವಳು ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅವನು ಎತ್ತಿ ಕುಡಿದು, ‘ಶುಕ್ರಿಯಾ’ ಎಂದ. ಆ ಶಬ್ದವನ್ನು ಅವನು ಬದುಕಿನಲ್ಲಿ ಮೊದಲ ಸಲ ಬಳಸಿದ್ದ.

ಹೋಗುವುದಾದರೆ ಚೆನ್ನಾಗಿ ಹೋಗಬೇಕೆಂದು ಅನ್ನಿಸಿದ್ದೇ ತಪ್ಪಾಯಿತು. ಇಷ್ಟು ಜನ ನೋಡುತ್ತಿರುವಾಗ ನೂಕಿಕೊಂಡು ಹೊರಡುವುದು ಹೇಗೆ? ಅವನು ಠೀವಿಯಿಂದ ಸೈಕಲ್ ಹತ್ತಿ, ಎದ್ದು ನಿಂತು ಪೆಡಲ್ ತುಳಿದು, ಏರಿನ ನಡುವೆಯೇ ಗೇರ್ ಬದಲಿಸಿದ. ಹಿಂದೆ ಟಕ್ ಎಂದಿತು. ಗೇರು ಹಿಡಿದಿಟ್ಟಿದ್ದ ಬೆರಳುದ್ದದ ಕೊಂಡಿ ಮುರಿದು, ಇಡೀ ಯಂತ್ರ ಹಿಂದಿನ ಗಾಲಿಯ ಕಡ್ಡಿಗಳೊಳಗೆ ಸಿಕ್ಕಿಕೊಂಡಿತು. ಸೈಕಲ್ಲು ನಿಂತಿತು, ಅವನು ನಿಲ್ಲಲಿಲ್ಲ. ಬಿದ್ದದ್ದು ಜಲ್ಲಿಯ ಗುಡ್ಡೆಯ ಮೇಲೆ, ಪೆಟ್ಟೇನೂ ಆಗಲಿಲ್ಲ. ಈ ಸಲ ಯಾರೂ ನಗಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು. ಕಲ್ಲವ್ವ ಎದ್ದುಬಂದು ರಟ್ಟೆ ಹಿಡಿದು ಎಬ್ಬಿಸಿ, ಮೊಣಕಾಲಿನ ಧೂಳು ಜಾಡಿಸಿ, ‘ದಿಂಬು ಇತ್ತು, ಉಳ್ಕೊಂಡಾ’ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅಂಥ ಕೊಂಡಿ ಪುಣೆಯಲ್ಲೇ ಸಿಗುವುದು ಅನುಮಾನ. ಮೊಬೈಲಿಗೆ ಸಿಗ್ನಲ್ ಇಲ್ಲ. ಭಾರಿ ವಾಹನಗಳಿಗೆ ರಸ್ತೆ ಬಂದ್. ಯಾರೋ ಒಬ್ಬ ಮೇಸ್ತ್ರಿ ಕೈಸನ್ನೆ ಬೆರೆಸಿದ ಹಿಂದಿಯಲ್ಲಿ, ಸಿಮೆಂಟಿನ ಪಿಕಪ್ ಗಾಡಿ ಮಧ್ಯಾಹ್ನ ಬರುತ್ತದೆ, ಅದರಲ್ಲಿ ಕೆಳಗಿನ ಭೋರ ಪಟ್ಟಣಕ್ಕೆ ಹೋಗಬಹುದು ಎಂದು ತಿಳಿಸಿದ. ಅಂಬಾದಾಸ ಸೈಕಲ್ಲನ್ನು ಗೋಡೆಗೆ ಒರಗಿಸಿ, ಹಿಡಿಕೆಯ ಮೇಲಿನ ಪುಟ್ಟ ಯಂತ್ರದಲ್ಲಿ ಆ ದಿನದ ಪ್ರಯಾಣದ ದಾಖಲೆಯನ್ನು ನಿಲ್ಲಿಸಿದ. ಹೊತ್ತು ಹತ್ತು ಗಂಟೆ ನಲವತ್ತು ನಿಮಿಷ ಎಂದು ತೋರಿಸಿತು. ಅದೇ ಹೊತ್ತಿಗೆ ಹಿಂದಿನಿಂದ ಶಿವಕಾಂತಾಳ ದನಿ ಬಂತು: ‘ದವಡಿ ನೋಯ್ಲಾಕತ್ತದಂತ, ಎಡಗಡಿ. ಹಲ್ಲಿಂದ ಇರಬೇಕು.’

ನೋವು ಅವಳ ಗಂಡನಿಗೆ. ಸಿಮೆಂಟಿನ ಚೀಲಗಳ ನೆರಳಿನಲ್ಲಿ ಕೂತಿದ್ದ, ತೆಳ್ಳಗಿನ, ನರೆತ ಮೀಸೆಯ ಭೀಮಣ್ಣ. ಎಡಗೈಯಿಂದ ಗದ್ದ ಹಿಡಿದುಕೊಂಡಿದ್ದ. ಅವಳು ಎಲ್ಲಿಂದಲೋ ಒಂದು ಲವಂಗ ಹುಡುಕಿ ಅವನ ಬಾಯಿಗಿಟ್ಟಳು. ಎರಡು ವರ್ಷದ ಹಿಂದೆ, ಕಚೇರಿಯಲ್ಲಿ ಕಡತ ನೋಡುತ್ತ ಕೂತಾಗ, ಅಂಬಾದಾಸನಿಗೂ ಇದೇ ದವಡೆ ನೋವು ಬಂದಿತ್ತು. ಲವಂಗ ಸಿಗದೆ ಸದಾಶಿವ ಪೇಠೆಯ ದಂತವೈದ್ಯನ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ. ಆ ಮುದುಕ ನಾಲ್ಕು ಹಲ್ಲು ತಟ್ಟಿ, ಹಣೆ ನೋಡಿ, ‘ಇಷ್ಟು ಬೆವರು ಯಾಕೆ?’ ಎಂದು ಕೇಳಿ, ತಾನೇ ಓಡಿಹೋಗಿ ರಿಕ್ಷಾ ತಂದಿದ್ದ. ಇನ್ನು ಒಂದು ತಾಸು ತಡವಾಗಿದ್ದರೆ ಎಂದು ಎಲ್ಲರೂ ಆಮೇಲೆ ಅಂದರು. ಆದರೆ ಈ ಮನುಷ್ಯನದು ಹಲ್ಲಿನದೇ ಇರಬಹುದಲ್ಲ? ಕಲ್ಲು ಒಡೆಯುವ ಮೈ, ಎಲ್ಲೂ ಕೊಬ್ಬಿಲ್ಲ, ಕುರ್ಚಿಯಲ್ಲಿ ಕೂತವನ ರೋಗ ಇವನಿಗೇಕೆ ಬರಬೇಕು? ಅಂಬಾದಾಸ ಕಣ್ಣು ಸಣ್ಣ ಮಾಡಿ ನೋಡಿದ, ಬೆವರು ಕಾಣಲಿಲ್ಲ. ಕಾಣಲಿಲ್ಲವೆಂದು ಎಷ್ಟು ಸಮಾಧಾನವಾಯಿತೆಂದರೆ, ಇನ್ನೊಮ್ಮೆ ನೋಡುವ ಧೈರ್ಯ ಮಾಡಲಿಲ್ಲ. ಈಗ ಹೋಗಿ ಏನೆಂದು ಹೇಳುವುದು? ‘ಇಷ್ಟು ಹೊತ್ತು ನೀವು ಆಡಿದ್ದೆಲ್ಲ ನನಗೆ ತಿಳಿಯಿತು’ ಎಂದೇ? ದಿಂಬಿನ ಮಾತೂ ತಿಳಿಯಿತು ಎಂದೇ? ಒಂದು ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ, ಶಿವಕಾಂತಾ ತಂದು ಅವನ ಕೈಗೆ ಕೊಟ್ಟು, ಅವನ ಮುಖವನ್ನು ಒಂದು ಕ್ಷಣ ನೋಡಿ ಹೋದಳು. ರೊಟ್ಟಿ ಅವನ ಅವ್ವ ಬಡಿಯುತ್ತಿದ್ದ ರೊಟ್ಟಿಯಂತೆಯೇ ಇತ್ತು. ಅವನು ಅದನ್ನು ರೊಟ್ಟಿಯೆಂದರೇನೆಂದು ತಿಳಿಯದವನ ಹಾಗೆ, ಅಂಚಿನಿಂದ ಚೂರು ಚೂರೇ ಮುರಿದು ತಿಂದ.

ಎಲ್ಲರೂ ಕೆಲಸಕ್ಕೆ ಎದ್ದರು. ಭೀಮಣ್ಣನೂ ಎದ್ದ, ಎರಡು ಕಲ್ಲು ಎತ್ತಿಕೊಟ್ಟು ಮತ್ತೆ ಕೂತ. ಅಂಬಾದಾಸ ಸಿಗ್ನಲ್ ಇಲ್ಲದ ಮೊಬೈಲನ್ನು ತೆಗೆದು, ನಿನ್ನೆಯ ಫೋಟೊಗೆ ಬಂದ ಮೆಚ್ಚುಗೆಗಳನ್ನು ಒಂದೊಂದಾಗಿ ಮತ್ತೆ ಓದಿದ. ಸಂಘದ ಅಧ್ಯಕ್ಷರು, ‘ಕನ್ನಡಿಗರ ಹೆಮ್ಮೆ’ ಎಂದು ಬರೆದಿದ್ದರು. ಹನ್ನೊಂದೂವರೆಯ ಸುಮಾರಿಗೆ ಶಿವಕಾಂತಾ ನೀರಿನ ಕೊಡ ಹೊತ್ತು ಅವನ ಹತ್ತಿರ ಬಂದು ನಿಂತು, ಜೋರಾಗಿ ಅಂದಳು: ‘ಕಲ್ಲವ್ವಾ, ನೋವು ಈಗ ದವಡಿಂದ ಕೈಗಿ ಇಳದದಂತ. ಹಲ್ಲಿನ ನೋವು ಕೈಗಿ ಇಳೀತದೇನು?’ ಕಲ್ಲವ್ವ ಆಚೆ ತುದಿಯಲ್ಲಿ ಬುಟ್ಟಿ ಹೊರುತ್ತಿದ್ದಳು, ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಂಬಾದಾಸ ಮೊಬೈಲಿನಿಂದ ತಲೆ ಎತ್ತಿದ. ಎತ್ತಿ, ಎಲ್ಲ ಸೌಜನ್ಯವನ್ನೂ ಕೂಡಿಸಿಕೊಂಡು, ‘ಕ್ಯಾ ಹುವಾ ಉನ್ಕೋ?’ ಎಂದ. ‘ದಾಂತ್, ಸಾಬ್’ ಎಂದಳು ಅವಳು. ‘ಡಾಕ್ಟರ್ ಕೋ ದಿಖಾವೋ. ಜಲ್ದಿ ದಿಖಾವೋ. ದಿಲ್ ಕಾ ಭೀ ಹೋ ಸಕ್ತಾ ಹೈ.’ ಅವಳು ‘ಹಾಂ ಸಾಬ್’ ಎಂದು, ಇನ್ನೇನಾದರೂ ಹೇಳುತ್ತಾನೇನೋ ಎಂಬಂತೆ ನಿಂತೇ ಇದ್ದಳು. ಹೇಳಬೇಕಾದ್ದನ್ನು, ಎದೆಯದೂ ಇರಬಹುದು ಎಂಬುದನ್ನು, ಹೇಳಿಯಾಯಿತಲ್ಲ, ಅವಳಿಗೆ ತಿಳಿಯದ ಭಾಷೆಯಲ್ಲಿ ಹೇಳಿದ್ದು ತನ್ನ ತಪ್ಪೇ? ಕರ್ತವ್ಯ ಮುಗಿಸಿದವನ ಹಗುರದಲ್ಲಿ ಅವನು ಗೋಡೆಗೆ ಒರಗಿದ. ಹಗುರ ಐದು ನಿಮಿಷವೂ ಉಳಿಯಲಿಲ್ಲ. ಕಣಿವೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು, ಹೆಂಗಸರು ಸೆರಗು ಹೊದ್ದುಕೊಂಡಿದ್ದರು, ಅಂಥ ಗಾಳಿಯಲ್ಲಿ ಭೀಮಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಈಗ ಕಣ್ಣು ಸಣ್ಣ ಮಾಡುವ ಅಗತ್ಯವಿರಲಿಲ್ಲ.

ಪಿಕಪ್ ಬಂದಾಗ ಒಂದಕ್ಕೆ ಹತ್ತು ನಿಮಿಷ. ಚಾಲಕ ಸ್ವಪ್ನಿಲ್ ಎಂಬ ಮರಾಠಿ ಯುವಕ; ಸೈಕಲ್ಲನ್ನು ನೋಡಿ ಅವನ ಕಣ್ಣು ಅರಳಿದವು. ಇಂಥದ್ದನ್ನು ಮೊಬೈಲಿನಲ್ಲಷ್ಟೇ ನೋಡಿದ್ದೆ, ಸಾಹೇಬರೇ, ಎಂದ. ಅಂಬಾದಾಸ ಮರಾಠಿಗೆ ಹೊರಳಿದೊಡನೆ ಇಬ್ಬರ ನಡುವೆ ಸ್ನೇಹವೇ ಬೆಳೆಯಿತು. ಚೀಲ ಇಳಿಸಿದ ಕೂಡಲೇ ಹೊರಡೋಣ, ಸೈಕಲ್ ಹಿಂದೆ, ನೀವು ಮುಂದೆ ನನ್ನ ಪಕ್ಕ, ಒಂದೂವರೆ ತಾಸಿನೊಳಗೆ ಭೋರ ಎಂದ ಸ್ವಪ್ನಿಲ್. ಅಷ್ಟರಲ್ಲಿ ಶಿವಕಾಂತಾ ಅವನ ಮುಂದೆ ನಿಂತು, ಗಂಡನ ಕಡೆ ಕೈ ತೋರಿಸಿ, ‘ದಾಂತ್, ದವಾಖಾನಾ, ಲೇ ಚಲೋ’ ಎಂದಳು. ಸ್ವಪ್ನಿಲ್ ಒಳ್ಳೆಯವನೇ. ‘ಸಂಧ್ಯಾಕಾಳೀ’ ಎಂದ, ಸಂಜೆ ಎಂದು ಸೂರ್ಯ ಇಳಿಯುವ ಕಡೆ ಬೆರಳು ತೋರಿಸಿದ. ಅಂಬಾದಾಸನ ಕಡೆ ತಿರುಗಿ, ಹಲ್ಲು ತಾನೇ, ನಿಮ್ಮನ್ನು ಬಿಟ್ಟು ಬಂದು ಐದಕ್ಕೆ ಎಲ್ಲರ ಜೊತೆ ಒಯ್ಯುತ್ತೇನೆ, ಎಂದು ಮರಾಠಿಯಲ್ಲಿ ವಿವರಿಸಿದ. ಹೌದು ಎಂದು ತಲೆಯಾಡಿಸಿದರೆ ಸಾಕಿತ್ತು. ಸೈಕಲ್ಲಿನ ಹಿಂದಿನ ಗಾಲಿಯನ್ನು ಎತ್ತಲು ಅಂಬಾದಾಸ ಬಗ್ಗಿಯೂ ಆಗಿತ್ತು. ಬಗ್ಗಿದವನು ಗಾಲಿಯ ಕಡ್ಡಿಗಳ ನಡುವಿನಿಂದ ಭೀಮಣ್ಣನ ಮುಖ ನೋಡಿದ. ಸುಣ್ಣ ಬಳಿದಂತಿತ್ತು. ಅವನು ಯಾರನ್ನೂ ನೋಡುತ್ತಿರಲಿಲ್ಲ. ದಂತವೈದ್ಯನ ಗೋಡೆಯ ಮೇಲಿನ ಗಡಿಯಾರವನ್ನು ಅಂದು ತಾನು ನೋಡಿದ ಹಾಗೆ, ಕಣಿವೆಯ ಆಚೆ ಯಾವುದೋ ಒಂದು ಕಲ್ಲನ್ನು ಹಿಡಿದುಕೊಂಡವನಂತೆ ನೋಡುತ್ತಿದ್ದ.

‘ಶಿವಕಾಂತಾ, ಅವರನ್ನ ಎಬ್ಬಸಬ್ಯಾಡ್ರಿ, ಹಂಗೇ ಕೂಡಲಿ’ ಎಂದ ಅಂಬಾದಾಸ. ದನಿ ಅವನಿಗೇ ಅಪರಿಚಿತವಾಗಿತ್ತು. ‘ಇದು ಹಲ್ಲಿಂದಲ್ಲ. ಎದೀದು.’

ಸಲಿಕೆಗಳು ನಿಂತವು. ಕಲ್ಲವ್ವ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಲೂ ಇಲ್ಲ, ಮುಂದೆ ಒಯ್ಯಲೂ ಇಲ್ಲ. ತಾನು ಕೇಳದೆಯೇ, ಯಾರೂ ತನಗೆ ಹೇಳದೆಯೇ ಶಿವಕಾಂತಾ ಎಂಬ ಹೆಸರು ತನ್ನ ಬಾಯಿಂದ ಬಂದದ್ದು ಎಲ್ಲರಿಗೂ ತಿಳಿಯಿತು ಎಂದು ಅವನಿಗೆ ತಿಳಿಯಿತು. ಅವನು ಯಾರ ಮುಖವನ್ನೂ ನೋಡದೆ ಚೀಲಕ್ಕೆ ಕೈ ಹಾಕಿ, ಕೆಂಪು ಚೀಟಿಯ ಗುಳಿಗೆ ತೆಗೆದು, ಭೀಮಣ್ಣನ ಮುಂದೆ ಕೂತು, ‘ನಾಲಿಗಿ ಎತ್ರಿ, ಇದನ್ನ ನುಂಗಬ್ಯಾಡ್ರಿ, ಕರಗಲಿ’ ಎಂದ. ರಕ್ತ ತೆಳು ಮಾಡುವ ಇನ್ನೊಂದನ್ನು ಅಗಿಯಲು ಕೊಟ್ಟ. ಭೀಮಣ್ಣ ಕೊಟ್ಟದ್ದನ್ನೆಲ್ಲ ಮಗುವಿನ ಹಾಗೆ ಬಾಯಿಗೆ ತೆಗೆದುಕೊಂಡ. ‘ನಿಮಗ ಕನ್ನಡ ಬರ್ತದರಿ?’ ಎಂದಳು ಕಲ್ಲವ್ವ ಮೆಲ್ಲಗೆ. ಬೆಳಿಗ್ಗೆಯಿಂದ ಅವನಾಗಿದ್ದವನು ಈಗ ಅವರಾಗಿದ್ದ. ಅವಳು ಟವೆಲ್ಲಿನ ಮೇಲೆ ಸೆರಗನ್ನೂ ಹೊದ್ದುಕೊಂಡಳು; ಆ ಸೆರಗು ಅವನಿಗೆ ದಿಂಬಿನ ಮಾತಿಗಿಂತ ಹೆಚ್ಚು ಚುಚ್ಚಿತು. ಸ್ವಪ್ನಿಲ್ಲನಿಗೆ ಮರಾಠಿಯಲ್ಲಿ ಎರಡು ಮಾತು ಹೇಳಿದ್ದೇ ತಡ, ಅವನು ಉಳಿದ ಚೀಲಗಳನ್ನು ಇಳಿಸುವುದನ್ನೂ ಬಿಟ್ಟು ಗಾಡಿ ತಿರುಗಿಸಿದ. ಭೀಮಣ್ಣನನ್ನು ಮುಂದೆ ಒರಗಿಸಿ ಕೂರಿಸಿದರು. ಅಂಬಾದಾಸ ಸೈಕಲ್ಲನ್ನು ಅಲ್ಲೇ ಬಿಟ್ಟು, ಶಿವಕಾಂತಾಳ ಜೊತೆ ಹಿಂದೆ, ಸಿಮೆಂಟಿನ ಚೀಲಗಳ ಮೇಲೆ ಹತ್ತಿದ. ಯಾರ ಗಾಡಿಯನ್ನೂ ಹತ್ತಬಾರದೆಂಬುದು ಅವನಿಗೆ ಆಗ ನೆನಪಾಗಲಿಲ್ಲ, ಮೊದಲ ಇಳಿಜಾರಿನಲ್ಲಿ ನೆನಪಾಯಿತು.

ಇಳಿಜಾರಿನಲ್ಲಿ ಇನ್ನೂ ಕೆಲವು ನೆನಪಾದವು. ಇದನ್ನು ಬರೆದರೆ ಹೇಗೆ ಎಂದು ಅವನ ತಲೆ ತನ್ನಷ್ಟಕ್ಕೆ ಕೆಲಸ ಸುರುಮಾಡಿತ್ತು. ‘ಘಾಟಿನ ನಡುವೆ ಒಂದು ಜೀವ ಉಳಿಸಿದ್ದು ಔಷಧವಲ್ಲ, ತಾಯ್ನುಡಿ.’ ಚೆನ್ನಾಗಿತ್ತು. ಅಸಹ್ಯವಾಯಿತು. ಅಸಹ್ಯಪಡುತ್ತಲೇ, ‘ಔಷಧವಲ್ಲ’ದ ಬದಲು ‘ಔಷಧಕ್ಕಿಂತ ಮೊದಲು’ ಎಂದರೆ ಇನ್ನೂ ನಿಖರ ಎಂದು ತಿದ್ದಿದ. ಎದುರಿಗೆ ಶಿವಕಾಂತಾ ಚಾಲಕನ ಆಸನದ ಹಿಂದಿನ ಗಾಜಿನಲ್ಲಿ ಕಾಣುವ ಗಂಡನ ತಲೆಯನ್ನೇ ನೋಡುತ್ತ, ಪ್ರತಿ ಗುಂಡಿಗೂ ಅವನ ಪರವಾಗಿ ತಾನು ಉಸಿರು ಹಿಡಿಯುತ್ತಿದ್ದಳು.

ಭೋರದ ಸರ್ಕಾರಿ ದವಾಖಾನೆಯಲ್ಲಿ ಎರಡೂಕಾಲಿಗೆ ಎದೆಗೆ ಇಸಿಜಿಯ ತಂತಿ ಹಚ್ಚಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಕಾಗದದ ಮೇಲಿನ ಗೆರೆ ನೋಡಿ, ಹೌದು ಹಾರ್ಟ್ ಅಟ್ಯಾಕೇ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಈಗಲೇ ಕೊಡುತ್ತೇನೆ ಎಂದಳು. ನಂತರ ಪೆನ್ನು ತೆಗೆದು ಅಂಬಾದಾಸನನ್ನು ಕೇಳಿದಳು, ಮರಾಠಿಯಲ್ಲಿ: ‘ನೋವು ಯಾವಾಗ ಸುರುವಾಯಿತು? ಅಂದಾಜು ಬೇಡ, ಸರಿಯಾದ ಹೊತ್ತು ಬೇಕು.’ ಅವನು ಶಿವಕಾಂತಾಳನ್ನು ಕೇಳಬಹುದಿತ್ತು. ಅವಳ ಕೈಯಲ್ಲಿ ಗಡಿಯಾರವಿರಲಿಲ್ಲ. ರೊಟ್ಟಿ ತಿನ್ನುವಾಗ ಎನ್ನುತ್ತಿದ್ದಳು, ಅದನ್ನು ಹನ್ನೆರಡೂವರೆ ಎಂದು ಅನುವಾದ ಮಾಡಿದರೆ ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ‘ಹತ್ತು ನಲವತ್ತು’ ಎಂದ. ‘ಅಷ್ಟು ಖಚಿತ ಹೇಗೆ?’ ‘ನಾನು ಅಲ್ಲೇ ಇದ್ದೆ. ಕೇಳಿಸಿಕೊಂಡೆ.’ ಗುಳಿಗೆ ಕೊಟ್ಟದ್ದು ಯಾರು, ಯಾವಾಗ ಎಂದು ಕೇಳಿದಳು. ‘ನಾನೇ. ಒಂದು ಗಂಟೆಗೆ.’ ಡಾಕ್ಟರಮ್ಮ ಎರಡೂ ಹೊತ್ತನ್ನು ಒಂದರ ಕೆಳಗೊಂದು ಬರೆದಳು. ಅವುಗಳ ನಡುವಿನ ಅಂತರದ ಮೇಲೆ ಪೆನ್ನನ್ನು ಒಂದು ಕ್ಷಣ ನಿಲ್ಲಿಸಿ, ಅವನ ಬಿಗಿ ಚಡ್ಡಿಯನ್ನೊಮ್ಮೆ ನೋಡಿ ಒಳಗೆ ಹೋದಳು.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟಿತ್ತು. ‘ಏನ್ ಕೇಳಿದ್ರರಿ ಡಾಕ್ಟ್ರು?’ ಎಂದಳು ಶಿವಕಾಂತಾ. ಅವಳ ಪಾಲಿಗೆ ಈ ದವಾಖಾನೆಯಲ್ಲಿ ಆಡಿದ ಮಾತೆಲ್ಲ ತನ್ನ ಬಾಯಿಂದಲೇ ಹಾಯ್ದು ಹೋಗಬೇಕು ಎಂದು ಅಂಬಾದಾಸನಿಗೆ ಹೊಳೆಯಿತು. ಬೇಕಾದ್ದನ್ನು ಹೇಳಬಹುದು, ಬೇಡದ್ದನ್ನು ಬಿಡಬಹುದು. ‘ನೋವು ಯಾವಾಗ ಸುರು ಆತು ಅಂತ ಕೇಳಿದ್ರು’ ಎಂದ. ಅಲ್ಲಿಗೆ ನಿಲ್ಲಿಸಿದ. ಆಮೇಲೆ ನಿಲ್ಲಿಸಲಾಗಲಿಲ್ಲ. ‘ಹತ್ತೂ ನಲವತ್ತಕ್ಕ ಅಂತ ಹೇಳಿದೆ. ನೀವು ಅಂದದ್ದು ನನಗ ಆವಾಗೇ ಕೇಳಿಸಿತ್ತು. ನನಗೂ ಹಿಂಗ ಆಗಿತ್ತು, ಅದೇ ಇರಬೇಕಂತ ತಿಳದಿತ್ತು. ಆದ್ರೂ ಹೇಳಲಿಲ್ಲ.’

ಅವಳು ಬೈಯಲಿ ಎಂದು ಅವನು ಕಾದ. ಬೈದರೆ ಮುಗಿದುಹೋಗುತ್ತಿತ್ತು, ಅದಕ್ಕೆ ಬೇಕಾದ ಮುಖವನ್ನೂ ಸಿದ್ಧಮಾಡಿಕೊಂಡಿದ್ದ. ಶಿವಕಾಂತಾ ಸೆರಗಿನ ಅಂಚಿನಿಂದ ಕೈಗೆ ಹತ್ತಿದ ಸಿಮೆಂಟನ್ನು ಉಜ್ಜುತ್ತ, ‘ನನಗ ಗೊತ್ತಿತ್ರಿ’ ಎಂದಳು.

‘ಏನು?’

‘ನಿಮಗ ನಮ್ಮ ಮಾತು ಬರ್ತದಂತ. ಕಲ್ಲವ್ವ ಆ ದಿಂಬಿನ ಮಾತಂದಾಗ ಅಂಗಿ ಕೆಳಗ ಜಗ್ಗಿದ್ರಿ. ತಿಳೀಲಾರದಂವ ಯಾಕ ಜಗ್ಗತಾನ್ರಿ?’ ಅವಳ ದನಿಯಲ್ಲಿ ಗೆದ್ದ ಭಾವವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ‘ದೊಡ್ಡವರು, ನಮ್ಮಂತೋರ ಕೂಡ ಮಾತು ಬ್ಯಾಡ ಅನಿಸಿರ್ತದ, ನಾವ್ಯಾಕ್ ಒತ್ತಾಯ ಮಾಡೂದು ಅಂತ ಸುಮ್ಮಾದೆ. ಇವರ ನೋವಿಂದು ಮಾತ್ರ ನಿಮಗ ಕೇಳ್ಲಿ ಅಂತ ಎರಡು ಸಲ ಜೋರಲೆ ಅಂದೆ. ಎರಡನೇ ಸಲ ನಿಮ್ಮ ಬಾಜೂಕ ಬಂದು ನಿಂತು ಅಂದೆ. ಕಲ್ಲವ್ವಗ ಏನ್ ತಿಳೀತದರಿ, ಹಲ್ಲು, ಕೈ?’

ಎದುರಿನ ಗೋಡೆಯ ಮೇಲೆ ಬಾಯಿ ತೊಳೆಯುವ ಕ್ರಮದ ಚಿತ್ರಪಟವಿತ್ತು. ಅಂಬಾದಾಸ ಅದನ್ನು ಕೊನೆಯವರೆಗೆ ಓದಿದ. ಮೂರೂ ಮುಕ್ಕಾಲಿಗೆ ಡಾಕ್ಟರಮ್ಮ ಹೊರಬಂದು, ಮರಾಠಿಯಲ್ಲಿ, ನೋವು ಇಳಿದಿದೆ, ಗೆರೆ ಸುಧಾರಿಸಿದೆ, ಜೀವಕ್ಕಿದ್ದ ಅಪಾಯ ಸದ್ಯಕ್ಕೆ ದಾಟಿದೆ, ಆದರೆ ಎದೆಯ ಒಂದು ಭಾಗ ದುರ್ಬಲವಾಗಿದೆ, ಬೇಗ ಬಂದಿದ್ದರೆ ಅದೂ ಉಳಿಯುತ್ತಿತ್ತು, ಇನ್ನು ಭಾರ ಎತ್ತುವ ಕೆಲಸ ಬೇಡ, ಅರ್ಧ ತಾಸಿನಲ್ಲಿ ಆಂಬುಲೆನ್ಸಿನಲ್ಲಿ ಪುಣೆಯ ದೊಡ್ಡಾಸ್ಪತ್ರೆಗೆ ಒಯ್ಯಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಶಿವಕಾಂತಾ ಡಾಕ್ಟರಮ್ಮನನ್ನು ಬಿಟ್ಟು ಅವನ ಬಾಯನ್ನು ನೋಡುತ್ತಿದ್ದಳು. ಅವನು ಒಂದೊಂದಾಗಿ ಹೇಳಿದ. ‘ಬೇಗ ಬಂದಿದ್ದರೆ’ ಎಂಬಲ್ಲಿ ತೊಡರಿದ, ಅದನ್ನೂ ಹೇಳಿದ. ಅವಳು ಅಷ್ಟನ್ನೂ ಕೇಳಿ, ‘ಜೀವ ಅದ ಅಂತಾರಲ್ರಿ?’ ಎಂದಳು. ‘ಅದ’ ಎಂದ. ಅವಳು ಆಗ ಮೊದಲ ಸಲ ಅತ್ತಳು, ಸದ್ದಿಲ್ಲದೆ, ಎರಡು ನಿಮಿಷ. ಅತ್ತು, ಮುಖ ಒರೆಸಿಕೊಂಡು, ಎದ್ದು ನಿಂತಳು.

‘ನೀವೂ ಬರ್ತೀರೇನ್ರಿ ಪುಣೆತನಾ? ಅಲ್ಲಿ ಎಲ್ಲಾ ಮರಾಠಿ.’

‘ಬರ್ತೀನಿ.’

‘ಬರ್ರಿ ಮತ್ತ’ ಎಂದಳು. ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟವಳು, ಏನೋ ಅನುಮಾನ ಬಂದವಳಂತೆ ನಿಂತು, ಹೊಸ ಆಳಿಗೆ ಕೆಲಸ ಒಪ್ಪಿಸುವ ದನಿಯಲ್ಲಿ, ‘ಆದ್ರ ಅಲ್ಲಿ, ಕೇಳಿದ್ ಕೂಡ್ಲೇ ಹೇಳ್ಬೇಕ್ರಿ’ ಎಂದಳು.